ಅನುವಾದಂ ಕೊಡುವವರಿಗೆ, ಅನುವಾದ ಮಾಡುವವನಿಂದ

ನಮ್ಮ ನಗರಸಭೆಯ ಪ್ಲಾನಿಂಗ್ ವಿಭಾಗಕ್ಕೆ ಹೊಸದಾಗಿ ಮುಖ್ಯಸ್ಥರಾಗಿ ಬಂದ ಮೇಡಂ ಅವರಿಗೆ,

ಮಾನ್ಯರೇ, ನಮಸ್ಕಾರಗಳು.

ನೀವು ಚಾರ್ಜ್ ತಕ್ಕೊಂಡು ಎರಡು ತಿಂಗಳಾಯ್ತು ಅಂತ ಕಾಣ್ತದೆ. ನಿಮ್ಮ ಆಫೀಸಿನ ಎದುರು, ರೋಡಿನ ಆಚೆ ಬದಿ, ಹೊರಗೆ ನೀಲಿ ಟಾರ್ಪಾಲು ಕಟ್ಟಿದ ಒಂದು ಸಣ್ಣ ಡಿಟಿಪಿ ಅಂಗಡಿ ಉಂಟಲ್ಲ, ಅದು ನಂದು. ನಾನು ನಿಮ್ಮನ್ನು ದಿನಾ ನೋಡ್ತೇನೆ, ಹತ್ತಕ್ಕೆ ಮುಂಚೆಯೇ ಬರ್ತೀರಿ, ಅದು ನಮಗೆ ಹೊಸ ವಿಷಯ. ನೀವು ನನ್ನನ್ನು ನೋಡಿರ್ಲಿಕ್ಕಿಲ್ಲ, ಆದ್ರೆ ನಾನು ಬರೆದದ್ದು ದಿನಾ ಓದ್ತಾ ಇರ್ತೀರಿ. ನಿಮ್ಮ ಮೇಜಿಗೆ ಬರುವ ಅರ್ಜಿಗಳಲ್ಲಿ "ಬಹುಮಾನಪ್ಪೆಟ್ಟ ಸೆಕ್ರೆಟರಿ ಮುಂಬಾಕೆ" (ಮಾನ್ಯ ಸೆಕ್ರೆಟರಿಯವರ ಮುಂದೆ) ಅಂತ ಮಲಯಾಳದಲ್ಲಿ ಶುರುವಾಗಿ, ಕೊನೆಗೆ ಕನ್ನಡದಲ್ಲಿ ಸೈನ್ ಹಾಕಿದ್ದು ಎಷ್ಟು ಬರ್ತದೋ ಅದ್ರಲ್ಲಿ ಮುಕ್ಕಾಲು ಪಾಲು ನನ್ನ ಕೀಬೋರ್ಡಿಂದ ಬಂದದ್ದು. ಇಪ್ಪತ್ತೊಂದು ವರ್ಷದಿಂದ ಇದೇ ಕೆಲಸ. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ, ಮಲಯಾಳ ಕಲ್ತದ್ದು ಬಸ್ಸಿನ ಬೋರ್ಡ್ ಓದಿ ಓದಿ.

ಊರಿನ ಹೆಸರು ಬೇಕೂಂತ ಹಾಕ್ಲಿಲ್ಲ. ಕಾಸರಗೋಡು ಜಿಲ್ಲೆಯಲ್ಲಿ ನಗರಸಭೆ ಇರೋದೇ ಮೂರು, ಗೊತ್ತಾಗುವವರಿಗೆ ಗೊತ್ತಾಗ್ತದೆ, ಹೆಸರು ಹಾಕಿದ್ರೆ ವಿಷಯ ಬದಿಗೆ ಹೋಗಿ ಪಾರ್ಟಿ ಜಗಳ ಶುರುವಾಗ್ತದೆ. ಹಾಗೇ ಈ ಪತ್ರ ಕನ್ನಡದಲ್ಲಿ ಬರೆದದ್ದೂ ಬೇಕೂಂತಲೇ. ಮಲಯಾಳದಲ್ಲಿ ಬರೀಲಿಕ್ಕೆ ನನಗೆ ಹತ್ತು ನಿಮಿಷ ಸಾಕು, ಅದೇ ನನ್ನ ಹೊಟ್ಟೆಪಾಡು. ಆದ್ರೆ ಒಂದು ಸಲ ನೀವು ಇದನ್ನು ಹಿಡ್ಕೊಂಡು, ಇದನ್ನು ಯಾರ ಹತ್ರ ಓದಿಸೋದಪ್ಪ ಅಂತ ಆಚೆ ಈಚೆ ನೋಡ್ಬೇಕು ಅಂತ ನನ್ನ ಆಸೆ. ನಮ್ಮ ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮ್ಮವರು ಹಾಗೆ ಆಚೆ ಈಚೆ ನೋಡ್ತಾ ಇದ್ದಾರೆ. ಸಿಟ್ಟಲ್ಲಿ ಹೇಳಿದ್ದಲ್ಲ ಮೇಡಂ, ಸ್ವಲ್ಪ ತಮಾಷೆಗೆ, ಸ್ವಲ್ಪ ಮಾತ್ರ.

ನಿಮ್ಮ ಮಲಯಾಳ ಭಾಷೆಯಲ್ಲಿ ಒಂದು ಶಬ್ದ ಉಂಟು, ಅನುವಾದಂ. ಮನೆ ಕಟ್ಲಿಕ್ಕೆ ಅನುವಾದಂ ಬೇಕು, ಬಾವಿ ತೋಡ್ಲಿಕ್ಕೆ ಅನುವಾದಂ ಬೇಕು. ಪರ್ಮಿಷನ್ ಅಂತ ಅರ್ಥ. ನಮ್ಮಲ್ಲಿ ಅನುವಾದ ಅಂದ್ರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಮಾಡೋದು. ನೀವು ಅನುವಾದಂ ಕೊಡುವವರು, ನಾನು ಅನುವಾದ ಮಾಡುವವ, ನಡುವೆ ಒಂದು ರೋಡು ಮಾತ್ರ. ಇದೇ ಥರ ಇನ್ನೊಂದುಂಟು, ಅವಕಾಶಂ. ನಿಮಗೆ ಅದು ಹಕ್ಕು. ನಮಗೆ ಅವಕಾಶ ಅಂದ್ರೆ ಚಾನ್ಸು, ಸಿಕ್ಕಿದ್ರೆ ಸಿಕ್ಕಿತು. ಶುರು ಶುರುವಿಗೆ ನಾನು ಎಷ್ಟೋ ಜನರ ಅವಕಾಶಂ ಅನ್ನು ಅವಕಾಶ ಅಂತಲೇ ಓದಿ ಹೇಳಿದ್ದೇನೆ, ಅವರೂ ಓಹೋ ಚಾನ್ಸ್ ಇದ್ರೆ ಕೊಡ್ತಾರಂತೆ ಅಂತ ಮನೆಗೆ ಹೋಗಿದ್ದಾರೆ. ಈಗ ನೆನಪಾದ್ರೆ ಬೇಜಾರಾಗ್ತದೆ.

ಸರಿ, ವಿಷಯಕ್ಕೆ ಬರ್ತೇನೆ. ನಿಮಗಿಂತ ಮುಂಚೆ ಇದ್ದವರ ಕಾಲದಲ್ಲಿ ಊರಿನ ಯಾವ ಜಾಗೆ ಯಾವುದಕ್ಕೆ ಅಂತ ತೀರ್ಮಾನಿಸುವ ಮಾಸ್ಟರ್ ಪ್ಲಾನಿನ ಕರಡು ಹೊರಗೆ ಬಂತು. ಕರಡು ಅಂದ್ರೆ ನಿಮಗೂ ಕರಡೇ ನಮಗೂ ಕರಡೇ, ಆ ಒಂದು ಶಬ್ದ ಪುಣ್ಯಕ್ಕೆ ಎರಡೂ ಕಡೆ ಒಂದೇ. ನಿಮ್ಮ ಆಫೀಸಿನ ಮಾಳಿಗೆಯ ಹಾಲ್‌ನ ಗೋಡೆಗೆ ದೊಡ್ಡ ದೊಡ್ಡ ಮ್ಯಾಪ್ ಅಂಟಿಸಿದ್ರು, ಊರಿಗೆ ಊರೇ ಬಣ್ಣ ಬಣ್ಣ. ಬದಿಯಲ್ಲಿ ಯಾವ ಬಣ್ಣ ಎಂತದು ಅಂತ ಇಂಗ್ಲಿಷಲ್ಲಿ ಬರೆದ ಚೌಕ ಚೌಕ. ನೋಟಿಸು ಮಲಯಾಳದಲ್ಲಿ. ಕನ್ನಡದಲ್ಲಿ ಒಂದು ಸಾಲು ಇಲ್ಲ, ಹಾಲಿನ ಬಾಗಿಲಿಗೆ ದಾರಿ ತೋರಿಸುವ ಬಾಣದ ಗುರ್ತು ಒಂದನ್ನು ಬಿಟ್ರೆ ನಮ್ಮವರಿಗೆ ಓದ್ಲಿಕ್ಕೆ ಆಗುವಂಥದ್ದು ಏನೂ ಇರ್ಲಿಲ್ಲ.

ನಾನು ಮೂರು ಸಲ ಹೋದೆ, ಅಂಗಡಿ ಬಾಗಿಲು ಅರ್ಧ ಎಳೆದು. ಎರಡನೇ ಸಲ ಹೋದಾಗ ನಮ್ಮ ಬೈಲಿನ ಬದಿಯ ಒಬ್ರು ಅಜ್ಜ ಬಂದಿದ್ರು, ಎಂಬತ್ತು ದಾಟಿದವರು, ಮೊಮ್ಮಗನ ಕೈ ಹಿಡ್ಕೊಂಡು ಮೆಟ್ಲು ಹತ್ತಿ. ಮ್ಯಾಪಿನ ಎದುರು ತುಂಬಾ ಹೊತ್ತು ನಿಂತ್ರು. ರೈಲಿನ ಗೆರೆ ಗುರ್ತು ಸಿಕ್ಕಿತು, ಅಲ್ಲಿಂದ ಲೆಕ್ಕ ಹಾಕಿ ನಮ್ಮ ಬೈಲಿಗೆ ಬಂದ್ರು. ಮುಖ ಅರಳಿತು. "ಅಡ್ಡಿಲ್ಲ ಮಾರಾಯ, ಇವರಿಗೆ ಗೊತ್ತುಂಟು, ಬೈಲು ಪೂರ್ತಿ ನೀಲಿ ಮಾಡಿದ್ದಾರೆ ನೋಡು, ನೀರು ನಿಲ್ಲುವ ಜಾಗೆ ಅಂತ" ಅಂದ್ರು. ನಾನು ಬದಿಯ ಚೌಕ ನೋಡಿದೆ. ನೀಲಿ ಅಂದ್ರೆ ಕಮರ್ಷಿಯಲ್. ವಸತಿಗೆ ಹಳದಿ, ಅಂಗಡಿ ಕಾಂಪ್ಲೆಕ್ಸಿಗೆ ನೀಲಿ, ಇಡೀ ದೇಶದಲ್ಲೇ ಪ್ಲಾನ್ ಮಾಡುವವರ ಬಣ್ಣದ ಲೆಕ್ಕ ಹಾಗಂತೆ. ಅಜ್ಜನಿಗೆ ಆಗ ಹೇಳ್ಲಿಲ್ಲ ನಾನು. ಕೆಳಗೆ ಇಳಿದ ಮೇಲೆ ಹೇಳಿದೆ. ಅವರು ಎಂತದೂ ಮಾತಾಡ್ಲಿಲ್ಲ, ಎಲೆ ಅಡಿಕೆ ಚೀಲ ತೆಗೆದು ಸುಣ್ಣ ಹಚ್ತಾ ಕೂತ್ರು.

ನೀವು ಈಗ ಕೂತ ಕುರ್ಚಿಗೆ ಬೇಕಾದ ವಿದ್ಯೆ ಆ ಅಜ್ಜನ ಹತ್ರ ಉಂಟು ಅಂದ್ರೆ ದೊಡ್ಡ ಮಾತಾಗ್ಬಹುದು, ಆದ್ರೂ ಹೇಳ್ತೇನೆ. ನಮ್ಮ ಈ ಕಡೆಯಲ್ಲಿ ಗದ್ದೆಗೆ ಮೂರು ಹೆಸರು. ಬೈಲು, ಮಜಲು, ಬೆಟ್ಟು. ಬೈಲು ಅಂದ್ರೆ ಎಲ್ಲಕ್ಕಿಂತ ತಗ್ಗು, ನೀರು ಬಿಡುವುದೇ ಇಲ್ಲ, ಮೂರು ಬೆಳೆ ತೆಗೀಬಹುದು. ಮಜಲು ನಡುವಿಂದು, ಎರಡು ಬೆಳೆ. ಬೆಟ್ಟು ಮೇಲಿಂದು, ಮಳೆ ಇದ್ರೆ ಮಾತ್ರ ಒಂದು ಬೆಳೆ. ಅದಕ್ಕೂ ಮೇಲೆ ಹೋದ್ರೆ ಮುರಕಲ್ಲಿನ ಪದವು, ಅಂದ್ರೆ ಗುಡ್ಡೆ ಮೇಲಿನ ಬೋಳು ಬಯಲು, ಪದವಿನ ಮೇಲೆ ಮಳೆಗಾಲದಲ್ಲಿ ನೀರು ನಿಲ್ಲುವ ಪಳ್ಳ, ಆ ನೀರು ಕಲ್ಲಿನೊಳಗೆ ಇಳಿದು ಗುಡ್ಡೆಯ ಹೊಟ್ಟೆಗೆ ಹೋಗಿ ಸುರಂಗದಲ್ಲಿ, ಅಂದ್ರೆ ನೀರಿಗೆ ಅಂತ ಗುಡ್ಡೆಗೆ ಅಡ್ಡಕ್ಕೆ ಕೊರೆದ ಮಾಟೆಯಲ್ಲಿ, ಬರ್ತದೆ, ಉಳಿದದ್ದು ತೋಡಿಗೆ, ಅಂದ್ರೆ ಸಣ್ಣ ಹಳ್ಳಕ್ಕೆ. ತೋಡಿಗೆ ಅಲ್ಲಲ್ಲಿ ಕಟ್ಟ, ಮಳೆ ಹೋದ ಮೇಲೆ ಕಲ್ಲು ಮಣ್ಣು ಸೊಪ್ಪು ಹಾಕಿ ಕಟ್ಟುದು. ಈಗ ನಿಮ್ಮ ವಾರ್ಡುಗಳ ಒಳಗಿನ ಹಳೇ ಹೆಸರು ತೆಗೆದು ನೋಡಿ, ಇಂಥ ಬೈಲು, ಇಂಥ ಮಜಲು, ಇಂಥ ಬೆಟ್ಟು, ಇಂಥ ಕಟ್ಟೆ, ಇಂಥ ಪದವು. ಅದು ಸುಮ್ಮನೆ ಇಟ್ಟ ಹೆಸರಲ್ಲ ಮೇಡಂ, ಎಲ್ಲಿ ನೀರು ನಿಲ್ತದೆ ಎಲ್ಲಿ ನಿಲ್ಲುದಿಲ್ಲ ಅಂತ ಲೇಬಲ್ ಹಾಕಿ ಇಟ್ಟದ್ದು. ಪೈಸೆ ಖರ್ಚಿಲ್ಲದ ಸರ್ವೆ. ನಿಮ್ಮ ಕರಡಿನಲ್ಲಿ ಆ ಹೆಸರು ಹೆಚ್ಚಿನದ್ದು ಇಲ್ಲ. ವಾರ್ಡ್ ನಂಬರ್ ಉಂಟು, ಸ್ಕೂಲ್ ಉಂಟು, ಬಸ್ ಸ್ಟ್ಯಾಂಡ್ ಉಂಟು. ಕೆಲವು ಹೆಸರು ಇದ್ದದ್ದೂ ಮಲಯಾಳಕ್ಕೆ ತಿರುಗಿ ಗುರ್ತು ಸಿಗದ ಹಾಗೆ ಆಗಿವೆ. ನೆಲ್ಲಿಕುಂಜ ಹೋಗಿ ನೆಲ್ಲಿಕುನ್ನು ಆದ ಕತೆ ಜಿಲ್ಲೆಗೆಲ್ಲ ಗೊತ್ತು. ಹೆಸರು ಬದಲಾಯ್ತು ಅಂತ ನಮ್ಮವರು ಸಂಘ ಕಟ್ಟಿ ಮನವಿ ಕೊಡ್ತಾರೆ, ಅಭಿಮಾನದ ವಿಷಯ ಅಂತ, ಅದು ಸರಿಯೇ, ಆದ್ರೆ ನನಗೆ ಅದಕ್ಕಿಂತ ದೊಡ್ಡ ಭಯ ಬೇರೆ. ಬೈಲು ಅನ್ನುವ ಶಬ್ದ ಕಾಗದದಿಂದ ಹೋದ ದಿನ, ಅಲ್ಲಿ ನೀರು ಬರ್ತದೆ ಅನ್ನುವ ವಿಷಯವೂ ಆಫೀಸಿನಿಂದ ಹೋಯ್ತು.

ನೀರು ಮಾತ್ರ ಹೋಗ್ಲಿಲ್ಲ. ಈ ಜಿಲ್ಲೆಗೆ ವರ್ಷಕ್ಕೆ ಹತ್ರ ಹತ್ರ 3,500 ಮಿಲಿಮೀಟರ್ ಮಳೆ, ಅದ್ರಲ್ಲಿ ಹೆಚ್ಚಿನದ್ದು ಜೂನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗೀತದೆ. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ. ಗುಡ್ಡೆಯಿಂದ ಸಮುದ್ರಕ್ಕೆ ದೂರ ಕಮ್ಮಿ, ನೀರಿಗೆ ಅರ್ಜೆಂಟ್ ಜಾಸ್ತಿ. ನಮ್ಮ ಬೈಲಿನ ತೋಡು ನಾನು ಶಾಲೆಗೆ ಹೋಗುವಾಗ ಎರಡು ಆಳು ಅಗಲ ಇತ್ತು, ದಾಟ್ಲಿಕ್ಕೆ ಕಂಗಿನ ಸಂಕ, ಅಂದ್ರೆ ಅಡಿಕೆ ಮರದ ಕಾಲುಸೇತುವೆ. ಆಮೇಲೆ ಒಂದು ಕಡೆ ಅಂಗಡಿಯವರು ಸ್ಲಾಬ್ ಹಾಕಿದ್ರು, ಗಾಡಿ ನಿಲ್ಸ್ಲಿಕ್ಕೆ. ಇನ್ನೊಂದು ಕಡೆ ಕಾಂಪೌಂಡ್ ಗೋಡೆ ಒಂದು ಅಡಿ ಒಂದು ಅಡಿ ಮುಂದೆ ಬಂತು. ಆಮೇಲೆ 66ನೇ ನಂಬ್ರದ ಹೈವೇ ಆರು ಲೇನ್ ಆಗುವಾಗ 45 ಮೀಟರ್ ಅಗಲಕ್ಕೆ ಜಾಗೆ ಹೋಗಿ, ಊರಿನ ನಡುವೆ ಮಣ್ಣು ತುಂಬಿಸಿ ಎತ್ತರದ ಗೋಡೆ ಎದ್ದು ನಿಂತಿತು, ಪಡುವಣಕ್ಕೆ ಹರೀಬೇಕಾದ ನೀರಿಗೆ ಅಲ್ಲೊಂದು ಇಲ್ಲೊಂದು ಮೋರಿ. ಹೈವೇ ನಿಮ್ಮ ಕೈಯಲ್ಲಿ ಇಲ್ಲ, ಗೊತ್ತು. ಆದ್ರೆ ಹೈವೇಯ ಮೋರಿ ಎಲ್ಲಿ ಬಾಯಿ ತೆರೀತದೋ ಅಲ್ಲಿಂದ ಈಚೆ ತೋಡು ಉಂಟಾ ಇಲ್ವಾ ಅಂತ ನೋಡುದು ನಿಮ್ಮ ಕೈಯಲ್ಲೇ ಉಂಟಲ್ಲ. ನಮ್ಮಲ್ಲಿ ಮೋರಿ ಬಾಯಿ ತೆರೆದದ್ದು ಒಂದು ಮನೆಯ ಹಿತ್ತಿಲಿಗೆ.

ಹೋದ ವರ್ಷ ಜುಲೈಯಲ್ಲಿ ಒಂದು ರಾತ್ರಿ ನೀರು ಆರೇಳು ಮನೆಗೆ ನುಗ್ಗಿತು. ನಾನೂ ಹೋದೆ, ಸೊಂಟದವರೆಗೆ ನೀರಲ್ಲಿ ಒಂದು ಫ್ರಿಜ್ಜನ್ನು ನಾಲ್ಕು ಜನ ಎತ್ತಿ ಮಂಚದ ಮೇಲೆ ಇಟ್ಟೆವು. ಬೆಳಿಗ್ಗೆ ಅರ್ಜಿ ಬರೆದೆ, ಹನ್ನೊಂದು ಸೈನು. ನಾಲ್ಕು ತಿಂಗಳ ಮೇಲೆ ನಿಮ್ಮ ಆಫೀಸಿಂದ ಉತ್ತರ ಬಂತು, ಮಲಯಾಳದಲ್ಲಿ, ನಾನೇ ಓದಿ ಹೇಳ್ಬೇಕಾಯ್ತು. ಆಸ್ತಿ ರಿಜಿಸ್ಟರಿನಲ್ಲಿ ಆ ಜಾಗೆಯಲ್ಲಿ ಚರಂಡಿ ಇರುವುದಾಗಿ ಕಾಣುವುದಿಲ್ಲ, ಆದ ಕಾರಣ ಕ್ರಮ ಕೈಗೊಳ್ಳಲು ನಿರ್ವಾಹವಿಲ್ಲ. ಮೇಡಂ, ಚರಂಡಿ ಇರ್ಲೇ ಇಲ್ಲ, ಅದು ತೋಡು. ವಿಲ್ಲೇಜ್ ಆಫೀಸಿನ ಹಳೇ ಸ್ಕೆಚ್ಚಿನಲ್ಲಿ ತೋಡು ಪುರಂಬೋಕು, ಅಂದ್ರೆ ಸರ್ಕಾರದ ತೋಡಿನ ಜಾಗೆ, ಅಂತ ಚೆಂದಕ್ಕೆ ಗೆರೆ ಹಾಕಿ ಉಂಟು, ನಾನೇ ನಕಲು ತೆಗೆಸಿ ಲಗತ್ತು ಮಾಡಿದ್ದೆ. ಒಂದು ಆಫೀಸಿನಲ್ಲಿ ಇರುವ ತೋಡು ನೂರೈವತ್ತು ಹೆಜ್ಜೆ ಆಚೆಯ ಇನ್ನೊಂದು ಆಫೀಸಿನಲ್ಲಿ ಇಲ್ಲ ಅಂದ್ರೆ ಎಂತ ಹೇಳುದು.

ಇಲ್ಲಿ ನನ್ನ ತಪ್ಪೂ ಹೇಳ್ಬೇಕು, ಇಲ್ದಿದ್ರೆ ಓದುವವರು ನಾಳೆ ನನ್ನ ಅಂಗಡಿಗೆ ಬಂದು ಕೇಳ್ತಾರೆ. ಭತ್ತದ ಗದ್ದೆ ಉಳಿಸ್ಲಿಕ್ಕೆ ಕೇರಳದಲ್ಲಿ 2008ರಲ್ಲೇ ಕಾಯ್ದೆ ಬಂತು, ಗದ್ದೆಗಳ ಡೇಟಾ ಬ್ಯಾಂಕ್ ಅಂತ ಪಟ್ಟಿ ಆಯ್ತು. ಪಟ್ಟಿಯಿಂದ ಜಾಗೆ ತೆಗೆಸ್ಲಿಕ್ಕೆ ಫಾರ್ಮ್ 5, ಜಾಗೆಯ ತರ ಬದಲಿಸ್ಲಿಕ್ಕೆ ಫಾರ್ಮ್ 6, ಎರಡೂ ರೆವೆನ್ಯೂ ಇಲಾಖೆಗೆ. ಆ ಎರಡು ಫಾರ್ಮ್ ನಾನು ಎಷ್ಟು ತುಂಬಿಸಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ನಮ್ಮ ಬೈಲಿನಲ್ಲಿ ಈಗ ಎದ್ದು ನಿಂತ ಎರಡು ಮಾಳಿಗೆ ಕಟ್ಟಡದ ಜಾಗೆಯ ಫಾರ್ಮ್ ಕೂಡ ನನ್ನ ಕೈಯಲ್ಲೇ ಆದದ್ದು. "ಹಲವಾರು ವರ್ಷಗಳಿಂದ ಬೇಸಾಯಕ್ಕೆ ಯೋಗ್ಯವಲ್ಲ" ಅಂತ ಟೈಪ್ ಮಾಡಿ ಫೀಸು ತಕ್ಕೊಂಡವ ನಾನೇ. ಹಾಗೇ ಮನೆಯ ಪ್ಲಾನಿನಲ್ಲಿ ಮಳೆನೀರಿನ ಟ್ಯಾಂಕಿಗೆ ಒಂದು ವೃತ್ತ ಎಳೀತಾರಲ್ಲ, ರೂಲ್ಸಿನ ಪ್ರಕಾರ ಇರ್ಲೇಬೇಕು ಅಂತ, ಆ ವೃತ್ತದಲ್ಲಿ ಹೆಚ್ಚಿನವು ಕಾಗದ ಬಿಟ್ಟು ಕೆಳಗೆ ಇಳೀಲೇ ಇಲ್ಲ, ನಮಗೆಲ್ಲರಿಗೂ ಗೊತ್ತು, ನಿಮ್ಮ ಓವರ್‌ಸಿಯರಿಗೂ ಗೊತ್ತು. ತೋಡಿಗೆ ಸ್ಲಾಬ್ ಹಾಕಿದವರಲ್ಲಿ ಕನ್ನಡದವರೂ ಇದ್ದಾರೆ, ಮಲಯಾಳದವರೂ ಇದ್ದಾರೆ, ತುಳು, ಕೊಂಕಣಿ, ಬ್ಯಾರಿ ಎಲ್ಲ ಭಾಷೆಯವರೂ ಇದ್ದಾರೆ. ಆ ವಿಷಯದಲ್ಲಿ ನಮ್ಮಲ್ಲಿ ಭಾರೀ ಐಕ್ಯ.

ಆದ್ರೆ ನಾವು ಒಬ್ಬೊಬ್ರು ನಮ್ಮ ನಮ್ಮ ಐದು ಸೆಂಟ್ ಜಾಗೆ ನೋಡ್ತೇವೆ. ಎಲ್ಲಾ ಐದು ಸೆಂಟ್ ಸೇರಿಸಿ ನೋಡುವವರು ಒಬ್ರು ಬೇಕು, ಅದಕ್ಕೆ ತಾನೇ ನಿಮ್ಮ ವಿಭಾಗ. ಇಪ್ಪತ್ತೊಂದು ವರ್ಷದಿಂದ ಎದುರು ಕೂತು ನೋಡಿದ್ದೇನಲ್ಲ, ಬೋರ್ಡಿನಲ್ಲಿ ಪ್ಲಾನಿಂಗ್ ಅಂತ ಇದ್ರೂ ಒಳಗೆ ನಡೆಯುವುದು ಪರ್ಮಿಟ್ ಕೆಲಸ ಮಾತ್ರ. ಮುಂದುಗಡೆ ಮೂರು ಮೀಟರ್ ಬಿಟ್ಟಿದ್ದೀರಾ, 125 ಚದರ ಮೀಟರಿಗಿಂತ ಸಣ್ಣ ಜಾಗೆಯಾ, ಹಾಗಾದ್ರೆ ರಿಯಾಯ್ತಿ ಉಂಟು, ಪಾರ್ಕಿಂಗ್ ತೋರಿಸಿದ್ದೀರಾ, ಸರಿ ಸೀಲ್. ಪ್ರತಿ ಫೈಲೂ ರೂಲ್ಸ್ ಪ್ರಕಾರ ಸರಿ ಇರ್ತದೆ, ಎಲ್ಲಾ ಫೈಲು ಸೇರಿ ಊರು ಮುಳುಗ್ತದೆ. 2024ರ ಜನವರಿಯಿಂದ ಕೆ-ಸ್ಮಾರ್ಟ್ ಅನ್ನುವ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಪರ್ಮಿಟ್ ಬೇಗ ಆಗ್ತದೆ, ಅದು ಒಳ್ಳೆದೇ, ನನ್ನ ವ್ಯಾಪಾರ ಸ್ವಲ್ಪ ಇಳೀತು, ಇರ್ಲಿ. ಆದ್ರೆ ಕಂಪ್ಯೂಟರಿಗೆ ಸೆಟ್‌ಬ್ಯಾಕ್, ಅಂದ್ರೆ ಕಟ್ಟಡದ ಸುತ್ತ ಬಿಡುವ ಜಾಗೆ, ಅಳೀಲಿಕ್ಕೆ ಬರ್ತದೆ, ಬೈಲು ಅಂದ್ರೆ ಎಂತ ಅಂತ ಅದಕ್ಕೆ ಯಾರು ಹೇಳಿಕೊಟ್ಟಿದ್ದಾರೆ?

ಇನ್ನೊಂದು ಘಟನೆ. ನಮ್ಮ ಊರಿನ ಒಬ್ರು ಅಕ್ಕ, ಗಂಡ ತೀರಿಕೊಂಡಿದ್ದಾರೆ, ಬೀಡಿ ಕಟ್ಟಿ ಮಗಳನ್ನು ನರ್ಸಿಂಗ್ ಓದಿಸಿದವರು. ಮಗಳು ದುಡ್ಡು ಕಳ್ಸಿದ ಮೇಲೆ ನಾಲ್ಕೂವರೆ ಸೆಂಟಲ್ಲಿ ಮನೆ ಕಟ್ಲಿಕ್ಕೆ ಹೊರಟ್ರು. ಅವರದ್ದು ಬೆಟ್ಟು ಜಾಗೆ, ಎಂಥ ಮಳೆಗೂ ಅಲ್ಲಿ ನೀರು ನಿಂತದ್ದಿಲ್ಲ, ಮನೆ ಕಟ್ಲಿಕ್ಕೆ ಅಂತಲೇ ದೇವರು ಮಾಡಿಟ್ಟ ಜಾಗೆ. ಪರ್ಮಿಟ್ ಆಗ್ಲಿಲ್ಲ. ಕರಡು ಪ್ಲಾನಿನಲ್ಲಿ ಅವರ ಜಾಗೆಯ ಮೇಲೆ 12 ಮೀಟರಿನ ಒಂದು ರಸ್ತೆಯ ಗೆರೆ ಹೋಗಿದೆ ಅಂತ. ಉತ್ತರದ ಕಾಗದ ಹಿಡ್ಕೊಂಡು ನನ್ನ ಹತ್ರ ಬಂದ್ರು, ನಾನು ಓದಿದೆ, "ರೋಡ್ ಯಾವಾಗ ಆಗ್ತದೆ?" ಕೇಳಿದ್ರು, ಗೊತ್ತಿಲ್ಲ ಅಂದೆ. "ದುಡ್ಡು ಯಾವಾಗ ಕೊಡ್ತಾರೆ?" ಗೊತ್ತಿಲ್ಲ. "ನನಗೆ ಯಾಕೆ ಮೊದ್ಲೇ ಹೇಳ್ಲಿಲ್ಲ?" ಅದಕ್ಕೆ ಮಾತ್ರ ಉತ್ತರ ಗೊತ್ತಿತ್ತು ನನಗೆ. ಹೇಳಿದ್ದಾರೆ ಅಕ್ಕ, ಮಲಯಾಳ ಪೇಪರಲ್ಲಿ ಹಾಕಿದ್ದಾರೆ, ವೆಬ್‌ಸೈಟಲ್ಲಿ ಹಾಕಿದ್ದಾರೆ, ಹಾಲಿನ ಗೋಡೆಯಲ್ಲಿ ಹಾಕಿದ್ದಾರೆ, ಆಕ್ಷೇಪಣೆ ಕೊಡುವ ದಿನ ಮುಗಿದು ಎರಡು ತಿಂಗಳಾಯ್ತು. ಆ ಅಕ್ಕ ಬೀಡಿ ಎಲೆಯಷ್ಟು ಅಗಲಕ್ಕೆ ಆ ಕಾಗದವನ್ನು ಮಡಚಿ ರವಿಕೆಗೆ ಸಿಕ್ಕಿಸಿಕೊಂಡು ಹೋದ್ರು. ಅರ್ಜಿಗೆ ದುಡ್ಡು ಬೇಡ ಅಂದೆ, ಆದ್ರೂ ಇಟ್ಟು ಹೋದ್ರು.

ಆ ಗೆರೆಯನ್ನು ಹಿಡ್ಕೊಂಡು ನಾನು ಒಂದು ಭಾನುವಾರ ನಡೆದೆ. ಮುನ್ನೂರು ಹೆಜ್ಜೆ ಹೋದ್ರೆ ಗೆರೆ ನಮ್ಮ ತೋಡಿನ ಮೇಲೆಯೇ ಹೋಗ್ತದೆ. ಅಂದ್ರೆ ಬೆಟ್ಟಿನಲ್ಲಿ ಮನೆಗೆ ಅನುವಾದಂ ಇಲ್ಲ, ಬೈಲಿನಲ್ಲಿ ಕಾಂಪ್ಲೆಕ್ಸಿಗೆ ನೀಲಿ ಬಣ್ಣ, ತೋಡಿನ ಮೇಲೆ ರಸ್ತೆ. ಯಾರೂ ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ ಅಂತ ನಾನು ನಂಬ್ತೇನೆ. ಆ ಗೆರೆ ಎಳೆದವರು ಅಲ್ಲಿ ಕಾಲಿಟ್ಟೇ ಇಲ್ಲ, ಅಷ್ಟೇ.

ನನ್ನ ಅಂಗಡಿಗೆ ಒಬ್ಬ ಆರ್ಕಿಟೆಕ್ಚರ್ ಹುಡುಗ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡಿಸ್ಲಿಕ್ಕೆ ಬರ್ತಿದ್ದ, ಅದ್ರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಅಂತ ಒಬ್ರ ವಿಷಯ ಇತ್ತು, ನೀವು ಓದಿಯೇ ಇರ್ತೀರಿ. ಸ್ಕಾಟ್ಲೆಂಡಿನವರು, ಕಲ್ತದ್ದು ಜೀವಶಾಸ್ತ್ರ, 1914ರಲ್ಲಿ ಈ ದೇಶಕ್ಕೆ ಬಂದು ಎಷ್ಟೋ ಊರುಗಳಿಗೆ ಪ್ಲಾನ್ ರಿಪೋರ್ಟ್ ಬರೆದ್ರು, ಇಂದೋರಿಂದು 1918ರಲ್ಲಿ. ಅವರು ತಂದ ನಕ್ಷೆ ಚಿತ್ರಗಳೆಲ್ಲ ಬೇರೆ ಹಡಗಿನಲ್ಲಿ ಬರ್ತಿತ್ತಂತೆ, ಅದನ್ನು ಜರ್ಮನಿಯ ಎಂಡನ್ ಯುದ್ಧಹಡಗು ಮುಳುಗಿಸಿಬಿಟ್ಟಿತು. ನಿಮ್ಮ ಭಾಷೆಯಲ್ಲಿ ಭಾರೀ ದೊಡ್ಡದಕ್ಕೆ ಯಮಂಡನ್ ಅಂತೀರಲ್ಲ, ಅದು ಈ ಎಂಡನ್ನಿಂದಲೇ ಬಂದದ್ದು ಅಂತ ಹೇಳುವವರಿದ್ದಾರೆ. ಇರ್ಲಿ, ನಾನು ಹೇಳ್ಲಿಕ್ಕೆ ಹೊರಟದ್ದು ಬೇರೆ. ಆ ಮನುಷ್ಯ ಮೊದಲು ಊರು ಪೂರ್ತಿ ನಡೀತಿದ್ರಂತೆ, ಗಲ್ಲಿ ಗಲ್ಲಿ, ಬಾವಿ ಕೆರೆ ದೇವಸ್ಥಾನ ಎಲ್ಲ ನೋಡಿ, ಆಮೇಲೆ ಪೆನ್ಸಿಲ್. ಇದ್ದ ಕೆರೆ ಮುಚ್ಚಿ ರೋಡ್ ಮಾಡುವ ಇಂಜಿನಿಯರುಗಳ ಜೊತೆ ಜಗಳ ಮಾಡಿದ್ದಾರೆ, ಸೊಳ್ಳೆ ಆಗ್ತದೆ ಕೆರೆ ಮುಚ್ಚಿ ಅಂದ್ರೆ ಮೀನು ಬಿಡಿ ಅಂದವರು. ನೂರು ವರ್ಷದ ಹಿಂದೆ, ಭಾಷೆ ಬಾರದವರು, ಹೊರದೇಶದವರು. ನೀವು ಹೊರದೇಶದವರಲ್ಲ, ತೆಂಕಣ ಜಿಲ್ಲೆಯವರು ಅಷ್ಟೇ.

ನಿಮ್ಮ ಕಷ್ಟ ಗೊತ್ತಿಲ್ಲದೆ ಬರೀತಾ ಇಲ್ಲ. ಮಾಸ್ಟರ್ ಪ್ಲಾನ್ ನಗರಸಭೆಯದ್ದು ಅಂತ ಹೆಸರು, ಗೆರೆ ಎಳೆಯುವುದು ಹೆಚ್ಚಾಗಿ ಜಿಲ್ಲಾ ಮಟ್ಟದ ಪ್ಲಾನಿಂಗ್ ಆಫೀಸಿನಲ್ಲಿ. ಸಂವಿಧಾನದ 74ನೇ ತಿದ್ದುಪಡಿಯಲ್ಲಿ 12ನೇ ಶೆಡ್ಯೂಲ್ ಮಾಡಿ 18 ವಿಷಯ ನಗರಸಭೆಗೆ ಅಂತ ಬರೆದ್ರು, ಒಂದನೇ ನಂಬ್ರವೇ ನಗರ ಯೋಜನೆ. ಬರೆದದ್ದು ಹಾಗೆ, ಆದ್ರೆ ಆಳು ಕೊಡ್ಲಿಲ್ಲ. ನಿಮ್ಮಲ್ಲಿ ಇರುವ ಒಬ್ಬಿಬ್ರು ಓವರ್‌ಸಿಯರ್ ಪರ್ಮಿಟ್ ಸೈಟ್ ನೋಡುದಾ, ರಸ್ತೆ ಎಸ್ಟಿಮೇಟ್ ಮಾಡುದಾ, ತೋಡು ಅಳೆಯುದಾ. ಬೆಳಿಗ್ಗೆ ಕೌನ್ಸಿಲರ್ ಫೋನ್, ಮಧ್ಯಾಹ್ನ ಇನ್ನೊಬ್ರು ಕೌನ್ಸಿಲರ್ ನೇರ ಒಳಗೆ. ಅದ್ರ ಮೇಲೆ ಊರು ಅರ್ಥ ಆಗುವ ಹೊತ್ತಿಗೆ ಟ್ರಾನ್ಸ್‌ಫರ್. ನನ್ನ ಕಣ್ಣೆದುರು ಈ ಕುರ್ಚಿಗೆ ಬಂದು ಹೋದವರಲ್ಲಿ ಒಬ್ರು ಮಾತ್ರ, ಹೋಗುವ ದಿನ ನನ್ನ ಅಂಗಡಿಗೆ ಬಂದು ಚಾ ಕುಡಿದು "ಆ ತೋಡಿನ ಫೈಲ್ ಮಾಡ್ಬೇಕಿತ್ತು" ಅಂದಿದ್ರು. ಆ ಫೈಲ್ ಈಗ ಎಲ್ಲುಂಟೋ.

ಇನ್ನು ನನ್ನ ಕೇಳಿಕೆ. ಕರಡು ಇನ್ನೂ ಕರಡೇ, ಅಂತಿಮ ಆಗ್ಲಿಲ್ಲ ಅಂತ ಗೊತ್ತಾಯ್ತು, ಅದಕ್ಕೇ ಈಗ ಬರೀತಾ ಇದ್ದೇನೆ. ಅದನ್ನು ಅಂತಿಮ ಮಾಡ್ಲಿಕ್ಕೆ ಮುಂಚೆ ನೋಟಿಸು, ಬಣ್ಣದ ಚೌಕದ ವಿವರ, ಯಾವ ಸರ್ವೆ ನಂಬ್ರದ ಮೇಲೆ ಯಾವ ಗೆರೆ ಹೋಗ್ತದೆ ಅನ್ನುವ ಪಟ್ಟಿ, ಇಷ್ಟನ್ನು ಕನ್ನಡದಲ್ಲಿ ಹಾಕಿಸಿ, ಆಕ್ಷೇಪಣೆಗೆ ಮತ್ತೊಂದು ಸಲ ದಿನ ಕೊಡಿಸ್ಲಿಕ್ಕೆ ಮೇಲಕ್ಕೆ ಬರೀರಿ. ದೊಡ್ಡ ಪುಸ್ತಕ ಪೂರ್ತಿ ಅನುವಾದ ಆಗ್ಬೇಕು ಅಂತ ನಾನು ಹೇಳುದಿಲ್ಲ. ಹತ್ತು ಹದಿನೈದು ಪೇಜ್ ಆದೀತು, ಒಂದು ರೂಪಾಯಿ ತಕ್ಕೊಳ್ಳದೆ ನಾನು ಮಾಡಿ ಕೊಡ್ತೇನೆ, ಬೇಕಾದ್ರೆ ನಿಮ್ಮವರು ಚೆಕ್ ಮಾಡ್ಲಿ. ಇದು ದಯೆ ಕೇಳುದಲ್ಲ ಅಂತಲೂ ವಿನಯದಿಂದ ಹೇಳ್ತೇನೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡ್ಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳ್ತದೆ, ಮತ್ತೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ, ತಮಿಳಿನವರು ತಮ್ಮ ಭಾಷೆಯಲ್ಲಿ ಬರೆದ್ರೆ ಉತ್ತರವೂ ಅದೇ ಭಾಷೆಯಲ್ಲಿ ಬರ್ಬೇಕು ಅಂತ ಇಟ್ಟದ್ದು. ನಿಮ್ಮ ಅರ್ಥದ ಅವಕಾಶಂ, ನಮ್ಮ ಅರ್ಥದ ಅವಕಾಶ ಅಲ್ಲ.

ಎರಡನೇದು ನೀವು ಬಂದು ನಡೀಬೇಕು. ಬೇಸಿಗೆಯಲ್ಲಿ ಬೇಡ, ಬೇಸಿಗೆಯಲ್ಲಿ ಬೈಲೂ ಒಂದೇ ಬೆಟ್ಟೂ ಒಂದೇ, ಕ್ರಿಕೆಟ್ ಆಡ್ತಿರ್ತಾರೆ ಮಕ್ಕಳು. ಜುಲೈಯಲ್ಲಿ ಬನ್ನಿ, ಎರಡು ದಿನ ಬಿಡದೆ ಮಳೆ ಬಂದ ಮೂರನೇ ದಿನ. ಮೇಲೆ ಪದವಿನಿಂದ ಶುರು ಮಾಡಿ ತೋಡಿನ ಬದಿ ಹಿಡಿದು ಹೈವೇಯ ಮೋರಿವರೆಗೆ, ಎರಡು ಗಂಟೆ ಸಾಕು. ಜೊತೆಗೆ ವಿಲ್ಲೇಜ್ ಆಫೀಸಿನವರು ಹಳೇ ಸ್ಕೆಚ್ ಹಿಡ್ಕೊಂಡು, ಕೃಷಿ ಆಫೀಸಿನವರು ಡೇಟಾ ಬ್ಯಾಂಕಿನ ಪಟ್ಟಿ ಹಿಡ್ಕೊಂಡು ಬಂದ್ರೆ ಒಳ್ಳೇದು, ಮೂರು ಆಫೀಸಿನ ಕಾಗದ ಒಂದೇ ಕೊಡೆಯ ಅಡಿಯಲ್ಲಿ ಸೇರಿದ್ದು ನಾನು ಇಷ್ಟರವರೆಗೆ ನೋಡಿಲ್ಲ. ಎಲ್ಲೆಲ್ಲಿ ಯಾವ ಹೆಸರು ಅಂತ ಆ ಅಜ್ಜ ಹೇಳ್ತಾರೆ, ನಾನು ನಿಮ್ಮ ಭಾಷೆಯಲ್ಲಿ ಬರ್ಕೊಳ್ತೇನೆ. ಆ ಹೆಸರುಗಳು ಮ್ಯಾಪಿನಲ್ಲಿ ಬರ್ಬೇಕು, ಬೈಲು ಅಂದ್ರೆ ಬೈಲು ಅಂತಲೇ. ತೋಡಿಗೆ ಕಲ್ಲು ನೆಡ್ಬೇಕು, ರಿಜಿಸ್ಟರಿನಲ್ಲಿ ಬರೀಬೇಕು, ಸ್ಲಾಬ್ ಹಾಕಿದವರಿಗೆ ನೋಟಿಸ್ ಹೋಗ್ಬೇಕು, ನನ್ನ ಪರಿಚಯದವರಿದ್ರೂ ಸರಿ, ನೋಟಿಸು ಕನ್ನಡದಲ್ಲಿ ಕಳ್ಸಿ, ಅರ್ಥ ಆಗ್ಲಿಲ್ಲ ಅಂತ ಹೇಳ್ಲಿಕ್ಕೆ ಬಾರದ ಹಾಗೆ.

ಆ ಬೀಡಿಯ ಅಕ್ಕನ ಫೈಲ್ ಇನ್ನೊಂದು ಸಲ ತೆಗೆದು ನೋಡಿ. ಗೆರೆ ಇಪ್ಪತ್ತು ಅಡಿ ಬಡಗಕ್ಕೆ ಹೋದ್ರೆ ಅಲ್ಲಿ ಹಳೇ ಕಾಲುದಾರಿ ಉಂಟು, ಯಾರ ಮನೆಯೂ ಹೋಗುದಿಲ್ಲ. ರಸ್ತೆ ಅಲ್ಲೇ ಬೇಕು ಅಂತ ನಿಮಗೆ ಕಂಡ್ರೆ, ಯಾಕೆ, ಯಾವಾಗ, ದುಡ್ಡು ಎಲ್ಲಿಂದ ಅಂತ ಅವರಿಗೆ ಅರ್ಥ ಆಗುವ ಭಾಷೆಯಲ್ಲಿ ಒಂದು ಕಾಗದ ಕೊಡಿ. ಇಲ್ಲ ಅನ್ನುವುದಕ್ಕೂ ಒಂದು ಕಾರಣ ಸಿಕ್ಕಿದ್ರೆ ಜನ ಹೇಗಾದ್ರೂ ಸುಧಾರಿಸಿಕೊಳ್ತಾರೆ.

ಕೊನೆಗೆ ಒಂದು, ಇದು ನಿಮ್ಮ ಕೈಯಲ್ಲೇ ಇರುವಂಥದ್ದು, ಯಾರ ಆರ್ಡರೂ ಬೇಡ. ವಾರಕ್ಕೆ ಒಂದು ಅರ್ಧ ದಿನ, ಪರ್ಮಿಟ್ ಫೈಲ್ ಬದಿಗೆ ಇಟ್ಟು, ಊರಿನ ವಿಷಯ ಮಾತ್ರ ಕೇಳ್ಲಿಕ್ಕೆ ಕೂತ್ಕೊಳ್ಳಿ. ಮತ್ತೆ ಕೇಳಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ನಿಮಗೂ ಟ್ರಾನ್ಸ್‌ಫರ್ ಬರ್ತದೆ ಒಂದು ದಿನ, ಬೇಗ ಬಾರದಿರ್ಲಿ, ಬಂದಾಗ ಆ ಪುಸ್ತಕವನ್ನು ಮುಂದೆ ಬರುವವರ ಮೇಜಿನ ಮೇಲೆ ಇಟ್ಟು ಹೋಗಿ. ಇಲ್ದಿದ್ರೆ ನಾನು ಅವರಿಗೂ ಇದೇ ಪತ್ರ ಮೊದ್ಲಿಂದ ಟೈಪ್ ಮಾಡ್ಬೇಕಾಗ್ತದೆ.

ಈ ಪತ್ರದ ಒಂದು ಪ್ರತಿಯನ್ನು ನಾಳೆ ನಿಮ್ಮ ಇನ್‌ವರ್ಡ್ ಕೌಂಟರಿನಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ತೇನೆ. ಮಲಯಾಳ ಪ್ರತಿ ಜೊತೆಗೆ ಇಟ್ಟಿಲ್ಲ. ಬೇಕು ಅಂತ ಕಂಡ್ರೆ ರೋಡ್ ದಾಟಿ ಬನ್ನಿ, ಹತ್ತು ನಿಮಿಷದ ಕೆಲಸ, ಚಾ ಹೇಳ್ತೇನೆ.

ಇಂತೀ ತಮ್ಮ ವಿಶ್ವಾಸಿ,
ಎದುರು ಬದಿಯ ಡಿಟಿಪಿ ಅಂಗಡಿಯವ